ಮೆಣಸು, ಒಳ್ಳೆಮೆಣಸು, ಖಾರ: ಗಡಿಯ ಅಡುಗೆಮನೆಗಳಲ್ಲಿ ಒಂದು ಕಾಯಿಯ ಚರಿತ್ರೆ

ಅಕ್ಕಲಕೋಟೆ, ಸೊಲ್ಲಾಪುರದ ಕಡೆ ಬೇಸಿಗೆ ಬಂತು ಅಂದರೆ ಕೇಳುವ ಮಾತು, "ಈ ವರ್ಷದ ಖಾರ ಕುಟ್ಟಿಸಿದ್ರೇನ್ರಿ?" ಇಲ್ಲಿ ಖಾರ ಅಂದರೆ ರುಚಿ ಅಲ್ಲ, ಡಬ್ಬಿಯಲ್ಲಿ ತುಂಬಿಡುವ ಮೆಣಸಿನಕಾಯಿ ಪುಡಿ. ಕಾಸರಗೋಡಿನ ಕನ್ನಡದಲ್ಲಿ ಅದೇ ಪುಡಿಗೆ ಮೆಣಸಿನ ಹುಡಿ ಅಂತಾರೆ. ಎರಡೂ ಗಡಿಯಾಚೆಯ ಕನ್ನಡವೇ. ಹೆಸರು ಮಾತ್ರ ಯಾಕೆ ಬೇರೆ ಆಯಿತು? ಇವತ್ತು ನಾನು ಹಿಡಿದಿರುವುದು ಈ ಒಂದು ಪ್ರಶ್ನೆಯನ್ನು.

ಮೊದಲು ಕಾಲದ ವಿಚಾರ. ಮೆಣಸಿನಕಾಯಿ ಮೂಲತಃ ಅಮೆರಿಕ ಖಂಡದ ಬೆಳೆ. ಪೋರ್ಚುಗೀಸರು ಗೋವೆಯನ್ನು ಹಿಡಿದದ್ದು 1510ರಲ್ಲಿ. ಅವರ ಹಡಗುಗಳ ವ್ಯಾಪಾರದಿಂದ 16ನೇ ಶತಮಾನದಲ್ಲಿ ಈ ಕಾಯಿ ಪಶ್ಚಿಮ ಕರಾವಳಿಗೆ ಬಂತು. ಅದಕ್ಕೂ ಮುಂಚಿನ ಪಾಕಗ್ರಂಥಗಳನ್ನು ನೋಡಿ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ಸಂಸ್ಕೃತ 'ಮಾನಸೋಲ್ಲಾಸ' 12ನೇ ಶತಮಾನದ್ದು. ಮೂರನೆಯ ಮಂಗರಸನ ಕನ್ನಡ 'ಸೂಪಶಾಸ್ತ್ರ' ಸುಮಾರು 1508ರದ್ದು. ಎರಡರಲ್ಲೂ ಕಾಳುಮೆಣಸು ಇದೆ, ಮೆಣಸಿನಕಾಯಿ ಇಲ್ಲ. ಸೊನ್ನಲಿಗೆಯ, ಅಂದರೆ ನಮ್ಮ ಸೊಲ್ಲಾಪುರದ, ಸಿದ್ಧರಾಮ ಕೆಂಪು ಹಿಂಡಿ ಹಚ್ಚಿದ ರೊಟ್ಟಿ ಉಂಡಿರಲು ಸಾಧ್ಯವೇ ಇಲ್ಲ. ಹಳೆಯ ಕಾವ್ಯದಲ್ಲಿ 'ಮೆಣಸು' ಎಂದು ಬಂದರೆ ನಮ್ಮ ಕಣ್ಣ ಮುಂದೆ ಕಪ್ಪು ಕಾಳೇ ಬರಬೇಕು.

ಹೊಸ ಕಾಯಿಗೆ ಜನ ಹೊಸ ಹೆಸರು ಹುಡುಕಲಿಲ್ಲ. ನಾಲಿಗೆ ಸುಡುವ ಹಳೆಯ ಕಾಳಿನ ಹೆಸರನ್ನೇ ಕೊಟ್ಟು ಮೆಣಸಿನಕಾಯಿ ಅಂದರು. ತಮಿಳಿನ ಮಿಳಗು, ಮಿಳಗಾಯ್ ಜೋಡಿಯೂ ಹೀಗೇ ಹುಟ್ಟಿದ್ದು. ತಾಳವಾಡಿ, ಹೊಸೂರಿನವರಿಗೆ ಇದು ಗೊತ್ತಿರೋದೇ. ಕಾಸರಗೋಡಿನಲ್ಲಿ ಇದು ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಅಲ್ಲಿ ಬರೀ 'ಮೆಣಸು' ಅಂದರೇ ಮೆಣಸಿನಕಾಯಿ: ಹಸಿಮೆಣಸು, ಒಣಮೆಣಸು, ಗಾಂಧಾರಿ ಮೆಣಸು. ತೋಟದ ಅಡಕೆ ಮರಕ್ಕೆ ಹಬ್ಬಿದ್ದ ಮೂಲ ಮೆಣಸು 'ಒಳ್ಳೆಮೆಣಸು' ಆಯಿತು. ತುಳುವಿನ ಎಡ್ಡೆಮುಂಚಿ, ಮಲಯಾಳದ ನಲ್ಲಮುಳಗು ಕೂಡ ಅರ್ಥದಲ್ಲಿ ಅದೇ. ಬಂದ ನೆಂಟ ಹೆಸರನ್ನು ತೆಗೆದುಕೊಂಡ, ಮನೆಯವನು ತಾನು ಯಾರು ಅಂತ ಹೇಳಿಕೊಳ್ಳಬೇಕಾಯಿತು.

ಬಯಲುಸೀಮೆಯ ಕಥೆ ಬೇರೆ. ಕಾಳುಮೆಣಸಿನ ಬಳ್ಳಿಗೆ ಮಳೆ, ನೆರಳು ಬೇಕು. ಸೊಲ್ಲಾಪುರದಲ್ಲಾಗಲಿ ಆದವಾನಿಯಲ್ಲಾಗಲಿ ಅದು ಬರೋದಿಲ್ಲ. ಘಟ್ಟದ ಕಡೆಯಿಂದ ದುಡ್ಡು ಕೊಟ್ಟು ತರಬೇಕು. ಮೆಣಸಿನಕಾಯಿ ಹಾಗಲ್ಲ. ಎರೆಹೊಲದಲ್ಲಿ ಬೆಳೆಯುತ್ತೆ, ಬಿಸಿಲಿಗೆ ಒಣಗುತ್ತೆ, ವರ್ಷವಿಡೀ ಇಟ್ಟರೂ ಕೆಡೋದಿಲ್ಲ. ಹೊಲವಿದ್ದವರಿಗೆಲ್ಲ ಸಿಗುವ ರುಚಿ ಅದು. ಹಾಗಾಗಿ ಇಲ್ಲಿ ರುಚಿಯ ಹೆಸರೇ ಪುಡಿಯ ಹೆಸರಾಯಿತು ಅನ್ನೋದು ನನ್ನ ವಾದ. ಅಕ್ಕಪಕ್ಕದ ಭಾಷೆಗಳೂ ಇದಕ್ಕೆ ಸಾಕ್ಷಿ. ಕನ್ನಡದ ಖಾರ, ಮರಾಠಿಯ ತಿಖಟ, ರಾಯದುರ್ಗ, ಆದವಾನಿಯ ಕಡೆ ಕೇಳುವ ತೆಲುಗಿನ ಕಾರಂ, ಮೂರಕ್ಕೂ ಎರಡೆರಡು ಅರ್ಥ: ರುಚಿ ಮತ್ತು ಪುಡಿ. ಪದಗಳು ಬೇರೆ, ಅವು ನಡೆದ ದಾರಿ ಒಂದೇ. ಒಂದೇ ಮಣ್ಣು, ಒಂದೇ ಬಿಸಿಲಿನ ಅನುಭವ ಮೂರು ಭಾಷೆಯಲ್ಲಿ ದಾಖಲಾಗಿದೆ.

ಈಗ ನಮ್ಮ ಕಡೆಯ ಅಡುಗೆಮನೆಗೆ ಬರೋಣ. ಬಣ್ಣಕ್ಕೆ ಬ್ಯಾಡಗಿ, ಉರಿಗೆ ಲವಂಗಿ. ಒಣಗಿಸಿ, ತೊಟ್ಟು ಮುರಿದು, ಹುರಿದ ಕೊತ್ತಂಬರಿ ಕಾಳು, ಒಣಕೊಬ್ಬರಿ, ಎಳ್ಳು, ಬೆಳ್ಳುಳ್ಳಿ ಕೂಡಿಸಿ ಕುಟ್ಟಿದರೆ ಮಸಾಲಿ ಖಾರ. ಹುರಿದ ಶೇಂಗಾಕ್ಕೆ ಖಾರ, ಬೆಳ್ಳುಳ್ಳಿ, ಜೀರಿಗೆ, ಉಪ್ಪು ಹಾಕಿ ಎಣ್ಣೆ ಬಿಡುವ ತನಕ ಕುಟ್ಟಿದರೆ ಶೇಂಗಾ ಹಿಂಡಿ. ಹಸಿ ಕೆಂಪು ಹಣ್ಣುಮೆಣಸಿನಕಾಯಿ ಅರೆದು ಉಪ್ಪು, ನಿಂಬೆಹುಳಿ ಸೇರಿಸಿದರೆ ರಂಜಕ. ಮಜ್ಜಿಗೆಯಲ್ಲಿ ನೆನೆಸಿ ಒಣಗಿಸಿಟ್ಟದ್ದು ಬಾಳಕ. ಎಣ್ಣೆಯಲ್ಲಿ ಕರಿದು ಮೊಸರನ್ನದ ಜೊತೆ ಕಡಿಯಲು. ಕಾಸರಗೋಡಿನವರೂ ಇದನ್ನು ಬಲ್ಲರು.

ಈ ಶೇಂಗಾ ಹಿಂಡಿ ಕನ್ನಡದವರದ್ದೋ ಮರಾಠಿಯವರದ್ದೋ ಅಂತ ವಾದ ಮಾಡುವವರಿದ್ದಾರೆ. ಶೇಂಗಾ ಕೂಡ ದಕ್ಷಿಣ ಅಮೆರಿಕದಿಂದಲೇ ಬಂದದ್ದು. ಪದಾರ್ಥದ ಮೇಲೆ ಹಕ್ಕು ಸಾಧಿಸಲು ಹೋದರೆ ಇಬ್ಬರ ಕೈಯಲ್ಲೂ ಏನೂ ಉಳಿಯೋದಿಲ್ಲ. ನಮ್ಮದು ಅಂತ ಹೇಳಬಹುದಾದದ್ದು ಅದನ್ನು ಕುಟ್ಟುತ್ತಾ ಆಡಿದ ಮಾತು. ರಾಜ್ಯಗಳ ಗಡಿ 1956ರಲ್ಲಿ ಬದಲಾಯಿತು. ಕಚೇರಿಯಲ್ಲಿ, ಅಂಗಡಿ ಬೋರ್ಡಿನಲ್ಲಿ, ಹಲವು ಶಾಲೆಗಳಲ್ಲಿ ಮರಾಠಿ ಮುಂದಾಯಿತು. ಕನ್ನಡ ಉಳಿದ ಜಾಗಗಳಲ್ಲಿ ಅಡುಗೆಮನೆಯೂ ಒಂದು.

ಆ ಜಾಗವೂ ಈಗ ಕಿರಿದಾಗ್ತಾ ಇದೆ. ಪ್ಯಾಕೆಟ್ ತಂದ ಮನೆಯಲ್ಲಿ ಹಿಂಡಿ ಹೋಗಿ 'ಚಟಣಿ' ಬರುತ್ತೆ, ಖಾರ ಹೋಗಿ 'ತಿಖಟ' ಬರುತ್ತೆ. ಮರಾಠಿ ಪದ ಬಂತು ಅನ್ನೋದು ನನ್ನ ತಕರಾರಲ್ಲ. ಎರಡೂ ನಾಲಿಗೆಗಳು ಇಲ್ಲಿ ನೂರಾರು ವರ್ಷ ಕೂಡಿಯೇ ಬಾಳಿವೆ. ಆದರೆ ಕುಟ್ಟುವ ಕೆಲಸ ನಿಂತರೆ ಹಿಂಡಿಗೂ ಪುಡಿಗೂ, ಖಾರಕ್ಕೂ ಮಸಾಲಿ ಖಾರಕ್ಕೂ ಇದ್ದ ವ್ಯತ್ಯಾಸ ಹೇಳುವ ಮಾತೂ ನಿಲ್ಲುತ್ತೆ. ನಾವು ಸಾಹಿತ್ಯದ ವಿದ್ಯಾರ್ಥಿಗಳು ಹಸ್ತಪ್ರತಿ, ಶಾಸನ ಹುಡುಕಿಕೊಂಡು ದೂರ ಹೋಗ್ತೀವಿ. ಈ ಮೆಣಸಿನಕಾಯಿಯ ಚರಿತ್ರೆ ನಮ್ಮ ಅಜ್ಜಿ, ಅವ್ವಂದಿರ ಬಾಯಲ್ಲಿದೆ. ಈ ಗೋಷ್ಠಿಯಲ್ಲಿರುವ ಗೆಳೆಯರು ತಮ್ಮ ತಮ್ಮ ಊರಿನ ಹೆಸರುಗಳನ್ನು, ಮಾಡುವ ಬಗೆಯ ಸಮೇತ, ಬರೆದಿಡಬೇಕು ಅಂತ ಕೇಳಿಕೊಳ್ಳುತ್ತೇನೆ.