ಭಾರತೀಯ ಕ್ರಿಕೆಟ್ ಮತ್ತು ಅಸ್ಪೃಶ್ಯತೆ

ಭಾರತೀಯ ಕ್ರಿಕೆಟ್‌ನಲ್ಲಿ ಜಾತಿಯ ಗೋಡೆ ಮೊದಲು ಬಿರುಕು ಬಿಟ್ಟದ್ದು 19ನೆಯ ಶತಮಾನದ ಕೊನೆಯಲ್ಲಿ. ಚಮ್ಮಾರ ಸಮುದಾಯದ ನಾಲ್ವರು ಸಹೋದರರು, ಪಾಲ್ವಂಕರ್ ಬಾಲೂ, ಶಿವರಾಂ, ಗಣಪತ್ ಮತ್ತು ವಿಠ್ಠಲ, ಇದಕ್ಕೆ ಕಾರಣರು. ಇವರಲ್ಲಿ ಹಿರಿಯರಾದ ಬಾಲೂ 1870ರ ದಶಕದಲ್ಲಿ, ಆಗ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಧಾರವಾಡದಲ್ಲಿ ಹುಟ್ಟಿದರು.

ಆರಂಭ

ಬಾಲೂ ಅವರ ತಂದೆ ಸೇನೆಯ ನೌಕರರು. ಪುಣೆಯಲ್ಲಿ ಬಾಲೂ ಮೊದಲು ಪಾರ್ಸಿಗಳ ಮೈದಾನದಲ್ಲಿ, ಆಮೇಲೆ ಯುರೋಪಿಯನ್ನರ ಪೂನಾ ಕ್ಲಬ್ಬಿನಲ್ಲಿ ತಿಂಗಳಿಗೆ 4 ರೂಪಾಯಿ ಕೂಲಿಗೆ ದುಡಿದರು. ಪಿಚ್ಚಿಗೆ ರೋಲರ್ ಎಳೆಯುವುದು, ನೆಟ್ ಕಟ್ಟುವುದು, ಅಭ್ಯಾಸಕ್ಕೆ ಬಂದ ಸದಸ್ಯರಿಗೆ ಬೌಲಿಂಗ್ ಮಾಡುವುದು ಅವರ ಕೆಲಸ. ಜೆ. ಜಿ. ಗ್ರೆಗ್ ಎಂಬ ಹೆಸರಾಂತ ಬ್ಯಾಟ್ಸ್‌ಮನ್‌ಗೆ ಗಂಟೆಗಟ್ಟಲೆ ಚೆಂಡೆಸೆದು ಅವರು ಎಡಗೈ ಸ್ಪಿನ್ ಬೌಲಿಂಗ್‌ನಲ್ಲಿ ಪಳಗಿದರು.

ಯುರೋಪಿಯನ್ನರನ್ನು ಸೋಲಿಸುವ ಹಂಬಲದಿಂದ ಪುಣೆಯ ಹಿಂದೂ ಕ್ಲಬ್ಬು, ಕೆಲವು ಬ್ರಾಹ್ಮಣ ಸದಸ್ಯರ ವಿರೋಧದ ನಡುವೆಯೂ, ಬಾಲೂ ಅವರನ್ನು ತಂಡಕ್ಕೆ ಸೇರಿಸಿಕೊಂಡಿತು. ಅಂಗಳದಲ್ಲಿ ಎಲ್ಲರೂ ಒಂದೇ ಚೆಂಡನ್ನು ಮುಟ್ಟುತ್ತಿದ್ದರು. ಬಿಡುವಿನಲ್ಲಿ ಮಾತ್ರ ಬಾಲೂ ಅವರಿಗೆ ಚಹಾ ಪೆವಿಲಿಯನ್‌ನ ಹೊರಗೆ, ಕುಡಿದು ಎಸೆಯುವ ಮಣ್ಣಿನ ಬಟ್ಟಲಲ್ಲಿ; ಊಟ ಬೇರೆ ಕಡೆ. ಪುಣೆಯಲ್ಲಿ ಸಮಾಜ ಸುಧಾರಕ ಮಹಾದೇವ ಗೋವಿಂದ ರಾನಡೆ, ಜೊತೆಗೆ ಆಡುವವರು ಜೊತೆಗೆ ಉಣ್ಣಬೇಕೆಂದು ವಾದಿಸಿದರು.

ಗೆಲುವು ಮತ್ತು ನಾಯಕತ್ವ

ಪ್ಲೇಗ್ ಹಾವಳಿಯ ಕಾಲದಲ್ಲಿ ಮುಂಬಯಿಗೆ ಬಂದ ಬಾಲೂ ಅಲ್ಲಿನ ಹಿಂದೂ ಜಿಮ್ಖಾನಾ ಸೇರಿದರು. 1906ರ ಫೆಬ್ರುವರಿಯಲ್ಲಿ ಹಿಂದೂ ತಂಡ ಯುರೋಪಿಯನ್ನರನ್ನು 109 ರನ್ನುಗಳಿಂದ ಸೋಲಿಸಿತು. ಬಾಲೂ 8 ವಿಕೆಟ್ ಪಡೆದರು. 1911ರಲ್ಲಿ ಪಟಿಯಾಲಾ ಮಹಾರಾಜರ ನೇತೃತ್ವದ ತಂಡದೊಡನೆ ಇಂಗ್ಲೆಂಡಿಗೆ ಹೋಗಿ ಪ್ರವಾಸದಲ್ಲಿ ಒಟ್ಟು 114 ವಿಕೆಟ್ ಗಳಿಸಿದರು.

ಇಷ್ಟಾದರೂ ನಾಯಕತ್ವ ಸವರ್ಣೀಯರ ಕೈಯಲ್ಲೇ ಉಳಿಯಿತು. 1920ರಲ್ಲಿ, ಧರ್ಮವಾರು ತಂಡಗಳು ಆಡುತ್ತಿದ್ದ ಪಂದ್ಯಾವಳಿಗೆ ಹಿಂದೂ ತಂಡದಿಂದ ಬಾಲೂ ಅವರನ್ನು ಕೈಬಿಟ್ಟಾಗ ಶಿವರಾಂ ಮತ್ತು ವಿಠ್ಠಲ ಬಹಿರಂಗವಾಗಿ ಪ್ರತಿಭಟಿಸಿ ತಂಡದಿಂದ ಹೊರಗುಳಿದರು. ಜನಾಭಿಪ್ರಾಯ ಅವರ ಪರವಾಗಿತ್ತು. ಅದೇ ಪಂದ್ಯಾವಳಿಯಲ್ಲಿ ಬಾಲೂ ಉಪನಾಯಕರಾಗಿ ಮರಳಿದರು. ಗಾಂಧೀಜಿಯ ಅಸ್ಪೃಶ್ಯತಾ ವಿರೋಧಿ ಪ್ರಚಾರ ಬಲಗೊಂಡಿದ್ದ ಆ ದಿನಗಳಲ್ಲಿ, 1923ರಲ್ಲಿ, ವಿಠ್ಠಲ ನಾಯಕರಾದರು. ಅವರ ನೇತೃತ್ವದ ತಂಡ ಯುರೋಪಿಯನ್ನರನ್ನು ಮಣಿಸಿತು.

ಸಾಮಾಜಿಕ ಪರಿಣಾಮ

ದಲಿತರಲ್ಲಿ ಸಾರ್ವಜನಿಕ ಕೀರ್ತಿ ಪಡೆದ ಮೊದಲಿಗರಲ್ಲಿ ಬಾಲೂ ಒಬ್ಬರು. ತರುಣ ಅಂಬೇಡ್ಕರ್ ಅವರನ್ನು ಮೆಚ್ಚಿದ್ದರು. ಮುಂದೆ ಇಬ್ಬರ ರಾಜಕೀಯ ದಾರಿಗಳು ಬೇರೆಯಾದವು. 1932ರಲ್ಲಿ ಬಾಲೂ, ಅಂಬೇಡ್ಕರ್ ಬಯಸಿದ್ದ ದಲಿತರ ಪ್ರತ್ಯೇಕ ಮತಕ್ಷೇತ್ರಗಳಿಗೆ ವಿರುದ್ಧವಾಗಿ ನಿಂತರು. 1937ರ ಚುನಾವಣೆಯಲ್ಲಿ ಕಾಂಗ್ರೆಸ್ ಅವರನ್ನು ಅಂಬೇಡ್ಕರರ ಎದುರೇ ನಿಲ್ಲಿಸಿತು; ಗೆದ್ದವರು ಅಂಬೇಡ್ಕರ್. ಬಾಲೂ 1955ರಲ್ಲಿ ನಿಧನರಾದರು.

ಅಮೆರಿಕದ ಬೇಸ್‌ಬಾಲ್ ಪಾಲ್ವಂಕರ್ ಸಹೋದರರ ಈ ಕಥೆಗೆ ಹತ್ತಿರದ ನಿದರ್ಶನ. ವರ್ಣಭೇದದ ತಡೆಯನ್ನು ದಾಟಿ ಜಾಕಿ ರಾಬಿನ್ಸನ್ 1947ರ ಏಪ್ರಿಲ್ 15ರಂದು ಬ್ರೂಕ್ಲಿನ್ ಡಾಡ್ಜರ್ಸ್ ಪರ ಕಣಕ್ಕಿಳಿದರು. ಅಲ್ಲಿಯೂ ಆಟಗಾರನಾಗಿ ಪ್ರವೇಶ ಸಿಕ್ಕೊಡನೆ ಅಧಿಕಾರ ಸಿಗಲಿಲ್ಲ: ಪ್ರಮುಖ ಲೀಗ್ ತಂಡಕ್ಕೆ ಕಪ್ಪುವರ್ಣೀಯರೊಬ್ಬರು, ಫ್ರಾಂಕ್ ರಾಬಿನ್ಸನ್, ಮ್ಯಾನೇಜರ್ ಆದದ್ದು 1975ರಲ್ಲಿ.

ಪಾಲ್ವಂಕರ್ ಸಹೋದರರ ಸಾಧನೆಗೆ ಒಂದು ಮಿತಿಯಿತ್ತು. ಅವರು ಜಾತಿಯ ತಡೆಯನ್ನು ದಾಟಿದ್ದು ಧರ್ಮದ ಆಧಾರದ ಮೇಲೆ ಕಟ್ಟಿದ ತಂಡದೊಳಗೆ. ಯುರೋಪಿಯನ್, ಪಾರ್ಸಿ, ಹಿಂದೂ, ಮುಸ್ಲಿಂ ಎಂದು ತಂಡಗಳನ್ನು ವಿಂಗಡಿಸಿದ್ದ ಆ ಪಂದ್ಯಾವಳಿ 1946ರಲ್ಲಿ ರದ್ದಾಯಿತು.