ಸಂಶೋಧನಾ ಪ್ರಬಂಧಗಳಲ್ಲಿ ಕೃತಕ ಬುದ್ಧಿಮತ್ತೆಯ ಬಳಕೆ: ಅಭ್ಯರ್ಥಿಗಳಿಗೆ ಮಾಹಿತಿ

ನಂಜನಗೂಡು ಹಾಗೂ ತಿ. ನರಸೀಪುರ ತಾಲ್ಲೂಕುಗಳಿಂದ ಮೈಸೂರು ವಿಶ್ವವಿದ್ಯಾನಿಲಯಕ್ಕೆ ಪಿಎಚ್.ಡಿ. ಪ್ರಬಂಧ ಸಲ್ಲಿಸುವವರಿಗೆ ವಿಶ್ವವಿದ್ಯಾನಿಲಯ ಧನಸಹಾಯ ಆಯೋಗದ 2018ರ ಕೃತಿಚೌರ್ಯ ತಡೆ ವಿನಿಯಮಗಳು ಅನ್ವಯಿಸುತ್ತವೆ. ಅವುಗಳಲ್ಲಿ ಕೃತಕ ಬುದ್ಧಿಮತ್ತೆಯ ಉಲ್ಲೇಖವಿಲ್ಲ. ಆದರೆ ಪ್ರಬಂಧವು ಸ್ವಂತ ಕೃತಿಯೆಂದು ಅಭ್ಯರ್ಥಿಯು ಮುಚ್ಚಳಿಕೆ ಬರೆದುಕೊಡಬೇಕಾಗಿರುವುದರಿಂದ, ಚಾಟ್‌ಜಿಪಿಟಿಯಂತಹ ತಂತ್ರಾಂಶವು ಬರೆದುದನ್ನು ತನ್ನದೆಂದು ಸಲ್ಲಿಸುವುದು ಆ ಮುಚ್ಚಳಿಕೆಗೆ ವಿರುದ್ಧವಾಗುತ್ತದೆ. ಸಾಮ್ಯತೆ ಕಡಿಮೆ ಬಂದ ಮಾತ್ರಕ್ಕೆ ಬರಹವು ಸ್ವಂತದ್ದಾಗದು.

ಸಾಮ್ಯತೆಯು ಶೇಕಡಾ 10ರವರೆಗೆ ಇದ್ದಲ್ಲಿ ದಂಡನೆಯಿಲ್ಲ. ಅದನ್ನು ಮೀರಿ 40ರವರೆಗೆ ಇದ್ದಲ್ಲಿ, 6 ತಿಂಗಳಿಗೆ ಮೀರದ ನಿಗದಿತ ಅವಧಿಯಲ್ಲಿ ತಿದ್ದಿ ಸಲ್ಲಿಸಬೇಕು. 60ರವರೆಗೆ ಇದ್ದಲ್ಲಿ ಒಂದು ವರ್ಷ ಸಲ್ಲಿಸುವಂತಿಲ್ಲ. 60 ಮೀರಿದಲ್ಲಿ ನೋಂದಣಿಯೇ ರದ್ದಾಗುತ್ತದೆ. ತಂತ್ರಾಂಶವು ಒದಗಿಸುವ ಗ್ರಂಥಸೂಚಿಯಲ್ಲಿ ಅಸ್ತಿತ್ವದಲ್ಲೇ ಇಲ್ಲದ ಪುಸ್ತಕಗಳೂ ಸೇರಿರಬಹುದಾದ್ದರಿಂದ ಪ್ರತಿಯೊಂದನ್ನೂ ಮೂಲದೊಡನೆ ತಾಳೆ ನೋಡತಕ್ಕದ್ದು.

ತರಗತಿಯ ನಿಯೋಜಿತ ಬರಹ, ಉತ್ತರ ಪತ್ರಿಕೆಗಳು ಈ ವಿನಿಯಮಗಳ ವ್ಯಾಪ್ತಿಗೆ ಬರುವುದಿಲ್ಲ. ಅವುಗಳ ಬಗ್ಗೆ ಕಾಲೇಜಿನ ಪ್ರಾಂಶುಪಾಲರನ್ನು ವಿಚಾರಿಸಬೇಕು.