ನಗರ ಜಿನಾಲಯದ ವರ್ತಕರು ಮತ್ತು ಪರಿಗ್ರಹದ ಅಳತೆ

ಶ್ರವಣಬೆಳ್ಗೊಳದ ದೊಡ್ಡಬೆಟ್ಟದ ಮೇಲೆ ಮೈಯಲ್ಲಿ ನೂಲೆಳೆಯೂ ಇಲ್ಲದೆ ನಿಂತಿರುವ ಗೊಮ್ಮಟ. ಕೆಳಗೆ ಊರಿನೊಳಗೆ ವರ್ತಕರ ಹೆಸರನ್ನೇ ಹೊತ್ತ ನಗರ ಜಿನಾಲಯ. ಇಲ್ಲಿ 'ನಗರ' ಎಂಬುದಕ್ಕೆ ವಣಿಕ್ಸಮುದಾಯ ಎಂದರ್ಥ. ಹೊಯ್ಸಳ ಇಮ್ಮಡಿ ಬಲ್ಲಾಳನ ಆಳ್ವಿಕೆಯಲ್ಲಿ, 1195ರಲ್ಲಿ, ಪಟ್ಟಣಸ್ವಾಮಿ ನಾಗದೇವನು ಕಟ್ಟಿಸಿದ ಈ ಬಸದಿಯನ್ನು ಪಾಲಿಸಿಕೊಂಡು ಬಂದವರು ಬೆಳ್ಗೊಳದ ವರ್ತಕರು. ಇದಕ್ಕೆ 'ಶ್ರೀನಿಲಯ' ಎಂಬ ಇನ್ನೊಂದು ಹೆಸರೂ ಉಂಟು. ಸರ್ವಸಂಗ ಪರಿತ್ಯಾಗವೇ ಪರಮಾದರ್ಶವಾದ ಕ್ಷೇತ್ರದಲ್ಲಿ ಸಿರಿಗೊಂದು ಮನೆ! ಈ ಮಾತು ಅಲ್ಲಿನ ಮುನಿಗಳಿಗಾಗಲಿ ಸೆಟ್ಟಿಗಳಿಗಾಗಲಿ ವಿರುದ್ಧವೆನಿಸಲಿಲ್ಲ. ಏಕೆಂಬುದು ವಿಚಾರಣೀಯ.

ಉಮಾಸ್ವಾತಿಯು ತತ್ತ್ವಾರ್ಥಸೂತ್ರದಲ್ಲಿ ಪರಿಗ್ರಹವನ್ನು ವಸ್ತುವಿನಲ್ಲಿ ಗುರುತಿಸದೆ ಅದರ ಮೇಲಣ ಮೂರ್ಛೆಯಲ್ಲಿ, ಅಂದರೆ ಮಮಕಾರದಲ್ಲಿ, ಗುರುತಿಸಿದನು. ಮುನಿಗೆ ಪೂರ್ಣ ತ್ಯಾಗ. ಶ್ರಾವಕನಿಗೆ ಪರಿಗ್ರಹ ಪರಿಮಾಣ. ಹೊಲ, ಮನೆ, ಹೊನ್ನು, ಧಾನ್ಯ, ಆಳುಕಾಳುಗಳು ಇಷ್ಟೇ ಸಾಕೆಂದು ಗೃಹಸ್ಥನು ತಾನೇ ಎಲ್ಲೆ ಹಾಕಿಕೊಳ್ಳಬೇಕು. ಆ ಎಲ್ಲೆಯ ಮೊತ್ತವನ್ನು ಶಾಸ್ತ್ರ ಹೇಳುವುದಿಲ್ಲ. ಇದು ವರ್ತಕನಿಗೆ ಬಿಟ್ಟ ಅವಕಾಶವೂ ಹೌದು, ಅವನ ಆತ್ಮಸಾಕ್ಷಿಯ ಮೇಲೆ ಹೊರಿಸಿದ ಭಾರವೂ ಹೌದು.

ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರ ಇನ್ನೂ ಹತ್ತಿರ ಬಂದು ಮಾತನಾಡುತ್ತದೆ. ಪರಿಮಾಣ ವ್ರತಕ್ಕೆ ಅದು ಹೇಳುವ ಅತಿಚಾರಗಳು ಐದು: ಎತ್ತು ಮೊದಲಾದವನ್ನು ಮಿತಿಮೀರಿ ನಡೆಸುವುದು, ಮಿತಿಮೀರಿ ಕೂಡಿಡುವುದು, ಪರರ ಸಂಪತ್ತಿಗೆ ಬೆರಗಾಗುವುದು, ಲೋಭ, ಮಿತಿಮೀರಿ ಹೊರೆ ಹೇರುವುದು. ಐದರಲ್ಲಿ ಎರಡು ಹೇರಿನ ಪ್ರಾಣಿಗಳನ್ನು ಕುರಿತವು. ದುರಾಸೆಯ ಬಗ್ಗೆ ಉಪದೇಶಿಸುವ ಗ್ರಂಥಗಳು ಎಷ್ಟೋ ಇವೆ. ಆ ದುರಾಸೆಯನ್ನು ಎತ್ತಿನ ಬೆನ್ನಿನ ಮೇಲೆ ಕಂಡವು ವಿರಳ. ಅಸ್ತೇಯ ವ್ರತದ ಅತಿಚಾರಗಳಂತೂ ನೇರವಾಗಿ ಅಂಗಡಿಗೇ ಸಂಬಂಧಿಸಿದವು: ಕದ್ದ ಮಾಲನ್ನು ಕೊಳ್ಳುವುದು, ಕಲಬೆರಕೆ, ತೂಕ ಅಳತೆಗಳ ಮೋಸ. ವ್ಯಾಪಾರದ ಒಳಹೊರಗನ್ನು ಬಲ್ಲ ಸಮಾಜಕ್ಕೆಂದೇ ರಚಿತವಾದ ನಿಯಮಗಳಿವು.

ನಿಯಮ ಆಚರಣೆಗಿಳಿದ ಬಗೆಯನ್ನು ಶಾಸನಗಳಲ್ಲಿ ಕಾಣಬಹುದು. ಚಿಕ್ಕಬೆಟ್ಟದ ತೇರಿನ ಬಸದಿಯ 1117ರ ಶಾಸನದಲ್ಲಿ ಬರುವ ಪೊಯ್ಸಳಸೆಟ್ಟಿ, ನೇಮಿಸೆಟ್ಟಿಗಳು ವಿಷ್ಣುವರ್ಧನನ ರಾಜಶ್ರೇಷ್ಠಿಗಳು. ಜಿನಾಲಯವನ್ನೂ ಅದರ ಮುಂದಿನ ಮಂದರವನ್ನೂ ಮಾಡಿಸಿದವರು ಅವರ ತಾಯಂದಿರಾದ ಮಾಚಿಕಬ್ಬೆ, ಶಾಂತಿಕಬ್ಬೆಯರು. ತೇರಿನಾಕಾರದ ಆ ಮಂದರದ ಮೇಲೆ 52 ಜಿನಬಿಂಬಗಳಿವೆ. ಬಳಿಕ ಆ ಇಬ್ಬರೂ ದೀಕ್ಷೆ ಕೈಗೊಂಡರು. ಮಕ್ಕಳು ವಾಣಿಜ್ಯದಲ್ಲಿ, ತಾಯಂದಿರು ವೈರಾಗ್ಯದಲ್ಲಿ: ಒಂದೇ ಮನೆತನ ಎರಡು ಆದರ್ಶಗಳನ್ನೂ ಸಾಕಿತು.

ಇದು ರಾಜಾಶ್ರಯವಿದ್ದ ದೊಡ್ಡ ಮನೆತನಗಳ ಮಾತಾಯಿತು. 1288ರ ನಗರ ಜಿನಾಲಯದ ಶಾಸನದ ಹದವೇ ಬೇರೆ. ಬೆಳ್ಗೊಳ, ಜಿನನಾಥಪುರಗಳ ಮಾಣಿಕ್ಯ ವರ್ತಕರು ತಮ್ಮೊಳಗೆ ಒಡಂಬಟ್ಟು, ಸ್ವದೇಶ ಪರದೇಶಗಳಿಂದ ಬರುವ ದವಣದಲ್ಲಿ ಗದ್ಯಾಣ ನೂರಕ್ಕೆ ಒಂದರಂತೆ ಬಸದಿಯ ಆದಿದೇವರ ಜೀರ್ಣೋದ್ಧಾರಕ್ಕೆ ಕೊಡಲು ನಿಶ್ಚಯಿಸಿದರು. ಅರಸನ ಆಜ್ಞೆಯಿಲ್ಲ, ಮಹಾದಾನಿಯ ಪ್ರಶಸ್ತಿಯಿಲ್ಲ, ಲೆಕ್ಕವೊಂದೇ. ಮರೆಮಾಚಿದವನ ಸಂತಾನ ನಾಶವಾಗಲಿ, ಅವನು ದೇವದ್ರೋಹಿ, ರಾಜದ್ರೋಹಿ, ಸಮಯದ್ರೋಹಿ ಎಂಬ ಶಾಪ ಮಾತ್ರ ಜೊತೆಗಿದೆ. ಲೆಕ್ಕ ಮುಚ್ಚಿಡುವವರು ತಮ್ಮಲ್ಲೇ ಇರಬಹುದೆಂಬ ಅರಿವು ಅವರಿಗಿತ್ತು.

ಅತ್ತಿಮಬ್ಬೆಯ ದಾನಗಳನ್ನು ಸಾಹಿತ್ಯಚರಿತ್ರೆ ಪದೇ ಪದೇ ಕೊಂಡಾಡಿದೆ, ಅದು ಉಚಿತವೇ. ಆದರೆ ಜೈನರ ಅರ್ಥದೃಷ್ಟಿಯನ್ನು ತಿಳಿಯಬೇಕೆಂಬವರು ಅಂತಹ ಶಿಖರಗಳಿಗಿಂತ ಈ ನೂರಕ್ಕೊಂದರ ಒಡಂಬಡಿಕೆಯ ಮುಂದೆ ಹೆಚ್ಚು ಹೊತ್ತು ನಿಲ್ಲಬೇಕು. ಔದಾರ್ಯ ದಾನಿಯೊಡನೆ ಅಳಿಯುತ್ತದೆ. ಇಲ್ಲಿಯೋ, ಮಾರಾಟ ನಡೆಯುವವರೆಗೂ ಗೋಡೆಯ ದುರಸ್ತಿ ನಡೆಯುತ್ತದೆ. ಹಾಗೆಂದು ಉಳಿದ ತೊಂಬತ್ತೊಂಬತ್ತು ಗದ್ಯಾಣಗಳು ಪರಿಮಾಣದೊಳಗಿದ್ದವೇ ಎಂದು ಶಾಸನ ಕೇಳುವುದಿಲ್ಲ. ಆ ಪ್ರಶ್ನೆಯನ್ನು ಅದು ವ್ರತಧಾರಿಗೇ ಬಿಟ್ಟಿದೆ.